ಎಲ್ಲದಕ್ಕೂ ಹೌದೆಂದ ಓಣಿ

ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಓಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಅಂಗನವಾಡಿ ನಡೆಸುತ್ತಿದ್ದ ಚಂಪಾಬಾಯಿಗೆ, ಆ ಓಣಿಯಲ್ಲಿ ಬುದ್ಧಿ ಅಂತ ಇರುವುದು ತನ್ನೊಬ್ಬಳ ತಲೆಯಲ್ಲಿ ಎಂಬುದು ಖಾತ್ರಿಯಾಗಿತ್ತು. ಮಗ್ಗದ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದ ತಾಯಂದಿರು ಆಕೆಯ ಲೆಕ್ಕದಲ್ಲಿ ಶುದ್ಧ ಹೆಡ್ಡರು. ಅವರ ಗಂಡಂದಿರು ಒಂದು ಕೈ ಮೇಲು. ಇನ್ನು ಮೇಲಿನ ಆಫೀಸಿನವರ ಮಾತು ಎತ್ತಲೇಬಾರದು. ಎತ್ತಿದರೆ ಜಯಸಿಂಗಪುರದ ಜೈನ ರೈತರ ಮನೆಯಲ್ಲಿ ಹುಟ್ಟಿದ ಈಕೆಯ ಬಾಯಿಂದ ಬರುತ್ತಿದ್ದ ಮಾತು ಬಸದಿಯ ಆಸುಪಾಸಿನಲ್ಲಿ ಆಡುವಂಥದ್ದಲ್ಲ.

ಕಳೆದ ವರ್ಷ ಮೇಲಿನಿಂದ ಒಂದು ಪ್ರಶ್ನಾವಳಿ ಬಂತು. ಕೂಸು ವಯಸ್ಸಿಗೆ ತಕ್ಕಂತೆ ಬೆಳೆಯುತ್ತಿದೆಯೋ, ಹಿಂದೆ ಬಿದ್ದಿದೆಯೋ ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳುವ ಮರಾಠಿ ಫಾರ್ಮು. ಮೂವತ್ತು ಪ್ರಶ್ನೆ, ಪ್ರತಿಯೊಂದರ ಮುಂದೆ ಹೌದು, ಇಲ್ಲ. ಕೂಸು ಮೆಟ್ಟಿಲು ಹತ್ತುತ್ತದೆಯೇ? ಥೂ! ಒಂದೇ ಖೋಲಿಯಲ್ಲಿ ಐದು ಮಂದಿ ಮಲಗುವ ಮನೆಯಲ್ಲಿ ಮೆಟ್ಟಿಲು ಯಾರಪ್ಪ ಕಟ್ಟಿಸಿದ್ದ? ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕುಳಿತು ಬರೆದವನಿಗೆ ಏನು ಗೊತ್ತು ಮಣ್ಣು!

ಹೊಸ ಮೇಲ್ವಿಚಾರಕಿ ಸೋನಲ ಗಡಹಿಂಗ್ಲಜದ ಹುಡುಗಿ. ಫಾರ್ಮು ಕೊಡುವಾಗ ಒಂದು ಮಾತು ಹೇಳಿದಳು.

"ಬಾಯಿ, ಬರೇ ಹೌದೇನು ಅಂತ ಕೇಳಬ್ಯಾಡ್ರಿ. ಕೂಸು ಹ್ಯಾಂಗ ಮಾಡತೈತಿ, ಒಮ್ಮೆ ಮಾಡಿಸಿ ತೋರಸ್ರಿ ಅಂತ ಕೇಳ್ರಿ."

"ನೀ ಎರಡ ಜಡಿ ಹಾಕ್ಕೊಂಡು ಸಾಳಿಗೆ ಹೋಗೂ ಮುಂದನ ನಾ ಕೂಸುಗಳ ತೂಕಾ ಮಾಡಾಕತ್ತಿದ್ದೆ," ಎಂದಳು ಚಂಪಾಬಾಯಿ. "ನನಗ ಕಲಸಾಕ ಬಂದಾಳ ದೊಡ್ಡಾಕಿ!"

ಎರಡು ದಿನದಲ್ಲಿ ನಲವತ್ತೆರಡು ಫಾರ್ಮು ಮುಗಿದವು. ಆಕೆ ತಲೆ ಎತ್ತದೆ ಕನ್ನಡದಲ್ಲಿ ಕೇಳಿದಳು, ತಾಯಂದಿರು ನಿಂತಲ್ಲೇ ಹೌದ್ರಿ ಅಂದರು. ಇಲ್ಲ ಎಂದರೆ ಪಕ್ಕದವಳ ಕಿವಿಗೆ ಬೀಳುತ್ತದೆ, ಸಂಜೆಯೊಳಗೆ ಓಣಿಯೆಲ್ಲ ಇವಳ ಕೂಸು ಮಂದ ಅನ್ನುತ್ತದೆ. ಚಂಪಾಬಾಯಿಗೂ ಇಲ್ಲ ಎಂಬ ಉತ್ತರ ಬೇಕಿರಲಿಲ್ಲ. ಒಂದು ಇಲ್ಲಕ್ಕೆ ಮತ್ತೆ ನಾಲ್ಕು ಪುಟ ತುಂಬಬೇಕಿತ್ತು.

ಚೆನ್ನವ್ವನ ಸರದಿಯೂ ಹಾಗೆಯೇ ಬಂತು. ಅವಳ ಗಂಡ ರಾಯಪ್ಪ ಮಗ್ಗ ಓಡಿಸುವವ. ಮಗ್ಗದ ಗೋಡೆಗೇ ಅಂಟಿದ ಖೋಲಿ ಅವರ ಮನೆ. ಮಗಳು ರೂಪಾಲಿಗೆ ಆಗ ಎರಡು ವರ್ಷ ದಾಟಿತ್ತು.

"ಕರದ್ರ ತಿರುಗಿ ನೋಡ್ತಾಳ?"

"ಹೌದ್ರಿ, ಯಾವಾಗ ಕರದ್ರೂ ನೋಡ್ತಾಳ್ರಿ. ಆದ್ರ ಬಾಯಿ, ಒಂದ ಮಾತೂ ಆಡವಲ್ಲಳು. ಅವ್ವಾ ಅಂತ ಸುದ್ಧಾ ಅನ್ನವಲ್ಲಳು. ನನಗ ಭಾಳ ಕಾಳಜಿ ಆಗೇತ್ರಿ."

"ಮನ್ಯಾಗ ಕನ್ನಡ, ಹೊರಗ ಮರಾಠಿ. ಎರಡೆರಡು ಕಲಿಯೂ ಕೂಸು ತಡಾ ಮಾಡತೈತಿ. ಕರದ್ರ ನೋಡ್ತಾಳಂದ್ರ ಕಿವಿ ಬರೋಬರ ಐತಿ. ನಡಿ, ಹಿಂದ ಮಂದಿ ನಿಂತೈತಿ," ಎಂದು ಚಂಪಾಬಾಯಿ ಮಾತಿನ ಪ್ರಶ್ನೆಗಳಿಗೂ ಹೌದು ಎಂದೇ ಗೀಚಿದಳು. ಚೆನ್ನವ್ವ ನಂಬಿದಳು. ಓದಿದವರನ್ನು ನಂಬದೆ ಇನ್ನೇನು ಮಾಡಿಯಾಳು?

ಎಂಟು ತಿಂಗಳು ಹೋದವು. ರೂಪಾಲಿ ಅಂಗನವಾಡಿಗೆ ಬರತೊಡಗಿದಳು. ಒಂದು ಮಧ್ಯಾಹ್ನ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಆ ಮೌನದಲ್ಲಿ ಖಿಚಡಿಯ ಪಾತೇಲಿಯ ಮುಚ್ಚಳ ಧಡಾರನೆ ಫರಸಿಕಲ್ಲಿನ ನೆಲದ ಮೇಲೆ ಬಿತ್ತು. ಮಕ್ಕಳೆಲ್ಲ ಹೌಹಾರಿದವು, ಒಂದು ಅತ್ತೇಬಿಟ್ಟಿತು. ಆ ಕಡೆ ಬೆನ್ನು ಮಾಡಿ ಕೂತಿದ್ದ ರೂಪಾಲಿ ಮಾತ್ರ ಮಿಸುಕಲಿಲ್ಲ. ಚಂಪಾಬಾಯಿ ಮೂರು ಸಲ ಹೆಸರು ಹಿಡಿದು ಕೂಗಿದಳು. ಊಹೂಂ. ಸೊಕ್ಕು ನೋಡು ಇದರದು, ಅಂದುಕೊಂಡಳು.

ಅಷ್ಟರಲ್ಲಿ ಮಗಳನ್ನು ಒಯ್ಯಲು ಚೆನ್ನವ್ವ ಬಂದಳು. ಬಾಗಿಲಲ್ಲೇ ನಿಂತು, ನಡುವಿಗೆ ಸಿಕ್ಕಿಸಿದ್ದ ಸೆರಗಿನಿಂದ ಹರಕು ನೂಲಿನ ಉಂಡೆ ತೆಗೆದು ಮಗಳ ಬೆನ್ನಿಗೆ ಮೆಲ್ಲಗೆ ಎಸೆದಳು. ರೂಪಾಲಿ ತಟ್ಟನೆ ತಿರುಗಿ ನಕ್ಕಳು.

"ಏನಿದು, ಚೆನ್ನವ್ವಾ?"

"ಕರದೆ ರೀ."

"ಹಿಂಗ ಕರೀತಿ?"

"ಮತ್ತ ಹ್ಯಾಂಗ್ರಿ? ಮಗ್ಗದ ಗದ್ದಲದಾಗ ಒದರಿದ್ರ ಯಾರಿಗೆ ಕೇಳತೈತಿ? ನನ್ನ ಗಂಡ ನನ್ನ ಹಿಂಗ ಕರೀತಾನ. ಓಣಿ ತುಂಬ ಎಲ್ಲಾರೂ ಹಿಂಗ ಕರೀತೀವ್ರಿ."

ಚಂಪಾಬಾಯಿ ಇದನ್ನು ಇಪ್ಪತ್ತೆರಡು ವರ್ಷ ಕಂಡಿದ್ದಳು. ಮಂಗಗಳ ಹಾಗೆ ಒಬ್ಬರಿಗೊಬ್ಬರು ಹೊಡೆದುಕೊಳ್ಳುತ್ತಾರೆ, ರೀತಿ ರಿವಾಜಿಲ್ಲದ ಮಂದಿ, ಎಂದು ನಕ್ಕಿದ್ದಳು. ಹ್ಯಾಗೆ ಕರೆಯುತ್ತಿ, ಮಾಡಿ ತೋರಿಸು, ಅಂತ ಅಂದು ಒಂದು ಮಾತು ಕೇಳಿದ್ದರೆ ಸಾಕಿತ್ತು.

ವಾರದೊಳಗೆ ಚಂಪಾಬಾಯಿ ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ತಾನೇ ಕೊಲ್ಹಾಪುರದ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ಅರ್ಧ ದಿನ ತಪಾಸಣೆ ನಡೆಯಿತು. ಎರಡೂ ಕಿವಿ ಕೇಳುವುದಿಲ್ಲ. ಯಂತ್ರ ಹಾಕಿ ಮಾತು ಕಲಿಸಲು ನೋಡಬಹುದು. ಎಷ್ಟು ಬರುತ್ತದೋ ಈಗಲೇ ಹೇಳಲಾಗದು. ಮೊದಲೇ ಬಂದಿದ್ದರೆ ಮಾತು ಬೇರೆ ಇತ್ತು. ಫಾರ್ಮಿನ ಪ್ರತಿ ನೋಡಿದ ಡಾಕ್ಟರ್, ಚೆನ್ನವ್ವನ ಕಡೆ ತಿರುಗಿ ಮರಾಠಿಯಲ್ಲಿ ಗದರಿದ: ಹೆತ್ತ ತಾಯಿಗೆ ಇಷ್ಟೂ ತಿಳಿಯಲಿಲ್ಲವೇ? ಎಲ್ಲದಕ್ಕೂ ಹೌದು ಅಂತ ಬರೆಸಿದ್ದೀಯಲ್ಲ!

ಚೆನ್ನವ್ವನಿಗೆ ಆ ಜೋರಿನ ಮರಾಠಿ ತಲೆಗೆ ಹತ್ತಲಿಲ್ಲ. "ಏನಂತಾರ್ರಿ ಬಾಯಿ?" ಎಂದು ಕೇಳಿದಳು.

ಹೇಳಿಬಿಡಬಹುದಿತ್ತು. ಹೆಡ್ಡರಿಗೆ ಹೆಡ್ಡರೆಂದು ಹೇಳುವುದು ಆಕೆಗೆ ಹೊಸದೂ ಅಲ್ಲ. ಆದರೆ ಈ ಸಲ ಹಾಗೆ ಹೇಳಲಿಲ್ಲ. ಕೂಸಿನ ಕಿವಿಯ ಸುದ್ದಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಆಮೇಲೆ, "ನನ್ನ ಬೈಯಾಕತ್ತಾರ. ನಾ ಕೇಳದಽ ಬರದೀನಿ. ನೀ ಮಾತಿಲ್ಲಂದ್ರೂ ಹೌದು ಅಂತ ಬರದೀನಿ," ಎಂದಳು. ಡಾಕ್ಟರನಿಗೂ ಅದನ್ನೇ ಮರಾಠಿಯಲ್ಲಿ ಹೇಳಿದಳು.

ಚೆನ್ನವ್ವ ಮಗಳನ್ನು ಎದೆಗೆ ಒತ್ತಿಕೊಂಡಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಚಂಪಾಬಾಯಿ ಕಾದಳು. ಎರಡೂ ಆಗಲಿಲ್ಲ.

"ನಮ್ಮ ಓಣ್ಯಾಗ ಎಷ್ಟು ಕೂಸುಗಳದು ಹಿಂಗ ಬರದೀರಿ?"

"ನಲವತ್ತೆರಡು."

"ಮತ್ತ ಇಲ್ಲಿ ನನ್ನ ಮಗ್ಗಲಕ ಯಾಕ ಕುಂತೀರಿ?" ಎಂದಳು ಚೆನ್ನವ್ವ, ಆಕೆಯ ಮುಖವನ್ನೂ ನೋಡದೆ. "ಏಳ್ರಿ. ನಮಗ ಬಸ್ ಹತ್ತಾಕ ಬರತೈತಿ. ನೀವು ಹೋಗಿ ಅವರನ್ನ ಕೇಳ್ರಿ."