ರೈಲಿನಲ್ಲಿ ತೂಗಿದ ಲೋಲಕ

ತುಮಕೂರಿನ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಆಸ್ಟ್ರೇಲಿಯಾಕ್ಕೆ ಬಂದು ಚೈಲ್ಡ್‌ಕೇರ್‌ನಲ್ಲಿ ಕೂಸುಗಳ ಡಯಪರ್ ಬದಲಿಸುತ್ತ ನಾಲ್ಕು ವರ್ಷ ಕಳೆದಿತ್ತು. ಸಿಡ್ನಿಯ ಟೂಂಗಾಬಿಯಲ್ಲಿದ್ದಾಗಲೇ ಶಾಲೆಗಳಿಗೆ ಅರ್ಜಿ ಹಾಕಿ ಹಾಕಿ ಸೋತಿದ್ದೆ. ಗಂಡನ ಕೆಲಸಕ್ಕಾಗಿ ಮೆಲ್ಬರ್ನ್‌ನ ವಿಂಡಮ್ ವೇಲ್‌ಗೆ ಬಂದ ಮೇಲೆ ಒಂದೇ ಒಂದು ಶಾಲೆ ಕರೆಯಿತು. ಇಬ್ಬರು ಶಿಕ್ಷಕರ ಮುಂದೆ ಪಾಠ ಮಾಡಿ ತೋರಿಸಬೇಕಿತ್ತು. ವಿಷಯ, ವೇಗ ಏರುತ್ತಿರುವ ವಾಹನದೊಳಗಿನ ಲೋಲಕ.

ಆ ಬೆಳಿಗ್ಗೆ ರೈಲಿನಲ್ಲಿ ಮನೆ ಕೀಲಿಯನ್ನು ದಾರಕ್ಕೆ ಕಟ್ಟಿ ಹಿಡಿದೆ. ರೈಲು ಸ್ಟೇಷನ್ ಬಿಟ್ಟು ವೇಗ ಪಡೆಯುವಾಗ ಕೀಲಿ ಹಿಂದಕ್ಕೆ ವಾಲಿತು. ವಾಲಿದ ಆ ಗೆರೆಯ ಆಚೀಚೆಗೇ ತೂಗಾಡಿತು. ವೇಗ ಒಂದೇ ಸಮನಾದಾಗ ಮತ್ತೆ ನೆಟ್ಟಗಾಯಿತು. ಎದುರು ಸೀಟಿನ ಹೆಂಗಸು ಎದ್ದು ಬೇರೆ ಕಡೆ ಹೋಗಿ ಕೂತಳು. ಕೀಲಿ ತೂಗಿಸುತ್ತ ಕೂತವಳಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಪಾಠ ಚೆನ್ನಾಗಿಯೇ ಆಯಿತು. ಕೊನೆಗೆ ಹಿರಿಯ ಶಿಕ್ಷಕರು, ವಾಹನದ ವೇಗ ಏರುತ್ತಿದ್ದರೂ ದಾರದ ಉದ್ದ ಅಷ್ಟೇ ಇರುವುದರಿಂದ ತೂಗಾಟದ ಅವಧಿಯೂ ಅಷ್ಟೇ ಇರುತ್ತದಲ್ಲವೇ ಎಂದರು. ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ. "ಇಲ್ಲ ಸರ್" ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ: ಗುರುತ್ವದ ಜೊತೆ ಹಿಂದಕ್ಕೆಳೆಯುವಂತೆ ತೋರುವ ಬಲವೂ ಸೇರಿ ಒಟ್ಟು ಸೆಳೆತ ಹೆಚ್ಚುತ್ತದೆ, ಅವಧಿ ತುಸು ಕಡಿಮೆಯಾಗುತ್ತದೆ. ಅವರ ಕಿವಿ ಕೆಂಪಾಯಿತು. ಅವರು ಪರೀಕ್ಷಿಸುತ್ತಿರಲಿಲ್ಲ. ಪಕ್ಕದ ಶಿಕ್ಷಕಿ ಕಾಗದ ಜೋಡಿಸಿಕೊಳ್ಳತೊಡಗಿದರು. ನನಗೆ ಜೀವವೇ ಹೋದಂತಾಗಿ, "ಸಾರಿ ಸರ್, ವ್ಯತ್ಯಾಸ ತೀರಾ ಸಣ್ಣದು" ಎಂದೆ. ಆ ಬೇಡುವ ದನಿ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರು ದಿನಕ್ಕೆ ಇಮೇಲ್ ಬಂತು. ವಿಷಯಜ್ಞಾನ ಉತ್ತಮ, ಆದರೆ ನಮ್ಮ ತಂಡಕ್ಕೆ ಹೊಂದುವುದಿಲ್ಲ.

ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅತ್ತೆ. ನಡೆದದ್ದನ್ನೆಲ್ಲ ಕೇಳಿ ಗಂಡ, "ಅವ್ರು ಹೇಳಿದ್ದಕ್ಕೆ ಹೂಂ ಅಂದಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದರು.

"ತಪ್ಪು ಹೇಳಿದ್ರೂ ಹೂಂ ಅನ್ಬೇಕಾ ರೀ?"

"ಜಾಬ್ ಸಿಗೋವರ್ಗೂ ಅನ್ಬೇಕು."

ಬಾಗಿಲಲ್ಲಿ ನಿಂತಿದ್ದ ಒಂಬತ್ತು ವರ್ಷದ ಮಗಳು ಕೇಳಿದಳು, "ವರ್ ಯು ರೈಟ್, ಅಮ್ಮ?"

"ಹೂಂ ಪುಟ್ಟಾ."

"ದೆನ್ ವೈ ಆರ್ ಯು ಕ್ರೈಯಿಂಗ್?"

"ಸರಿಯಾಗಿದ್ರೂ ಬೇಡ ಅಂದ್ರಲ್ಲಮ್ಮ, ಅದಕ್ಕೆ."

ಅವಳಿಗೆ ಅರ್ಥವಾಗಲಿಲ್ಲ. ಗಂಡ ಬಂದು ನನ್ನ ಪಕ್ಕ ನೆಲದ ಮೇಲೇ ಕೂತರು. ಸೋಮವಾರ ಬೆಳಿಗ್ಗೆ ಏಳಕ್ಕೆ ನಾನು ಮತ್ತೆ ಚೈಲ್ಡ್‌ಕೇರ್‌ನಲ್ಲಿದ್ದೆ. ಆಮೇಲೆ ಯಾವ ಶಾಲೆಗೂ ಅರ್ಜಿ ಹಾಕಿಲ್ಲ.