ಒಂದಿಂಚು ಜಾಸ್ತಿ

ನನ್ನ ತಮ್ಮನ ಹೆಂಡತಿ ಎಡಗೈ ಎತ್ತಿಕೊಂಡೇ ಕಾನೂನು ಓದಿದವಳು. ಹೊಗಳಿಕೆಗೆ ಹೇಳುತ್ತಿಲ್ಲ, ನಡೆದದ್ದೇ ಹಾಗೆ. ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಮಗು, ಬಲಗೈಯಲ್ಲಿ ಪುಸ್ತಕ, ಎಡಗೈಯಲ್ಲಿ ಹಾಲು ತುಂಬಿದ ಸಿರಿಂಜು. ಮಗುವಿನ ಮೂಗಿನಿಂದ ಹೊಟ್ಟೆಯವರೆಗೆ ಒಂದು ತೆಳ್ಳನೆಯ ಟ್ಯೂಬು. ಅದರ ಹೊರತುದಿಗೆ ಸಿರಿಂಜು ಸಿಕ್ಕಿಸಿ ಮೇಲೆತ್ತಿ ಹಿಡಿದರೆ ಹಾಲು ತನ್ನಷ್ಟಕ್ಕೆ ಇಳಿಯುತ್ತದೆ. ಒತ್ತುವಂತಿಲ್ಲ, ಅವಸರ ಮಾಡುವಂತಿಲ್ಲ. ಒಂದು ಸಲಕ್ಕೆ ಇಪ್ಪತ್ತು ನಿಮಿಷ, ಮೂರು ಗಂಟೆಗೊಂದು ಸಲ, ದಿನಕ್ಕೆ ಎಂಟು ಸಲ.

ಮಗುವಿಗೆ ನುಂಗಲು ಬರುವುದಿಲ್ಲ. ಗಂಟಲಿನ ಸ್ನಾಯುಗಳಿಗೆ ಬಲವಿಲ್ಲ, ಬಾಯಿಂದ ಕುಡಿಸಿದರೆ ಹಾಲು ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಗಂತ ಹಾಲು ತಡಮಾಡುವಂತೆಯೂ ಇಲ್ಲ. ಒಂದು ಗಂಟೆಗಿಂತ ತಡವಾದರೆ ರಕ್ತದ ಸಕ್ಕರೆ ಇಳಿದು ಮಗು ಜೋತುಬೀಳುತ್ತದೆ. ಹುಟ್ಟಿದಾಗ ಅಂಗಿಯ ಗುಂಡಿಯಷ್ಟಿದ್ದಳು ಅಂತ ನಾನು ಗುಂಡಿ ಎಂದೆ, ಅದೇ ಹೆಸರು ಉಳಿಯಿತು. ಏಳು ತಿಂಗಳಾದರೂ ನಾಲ್ಕೂಕಾಲು ಕಿಲೋ. ಪ್ರತಿ ವಾರ ಆಸ್ಪತ್ರೆಯ ತಕ್ಕಡಿಯ ಮೇಲೆ ಮಲಗಿಸಿ ಡಾಕ್ಟರು ಹೇಳುತ್ತಿದ್ದುದು ಒಂದೇ ಮಾತು, “ಇಳಿದಿಲ್ಲ, ಸದ್ಯಕ್ಕೆ ಅಷ್ಟು ಸಾಕು.”

ನಾನು ದರ್ಜಿ. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವುದು ಮೂವತ್ತು ವರ್ಷದ ಕಸುಬು. ಮದುವೆ ಆಗಲಿಲ್ಲ, ಆಗಲಿಲ್ಲ ಅಂತ ಕೊರಗಲೂ ಇಲ್ಲ. ತಮ್ಮನ ಜತೆಗೇ ಎರಡು ಕೋಣೆಯ ಮನೆಯಲ್ಲಿದ್ದೇನೆ. ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ, ಯಂತ್ರದ ಪಕ್ಕ ಗುಂಡಿಯ ತೊಟ್ಟಿಲು. ಶಾಲೆ ತೆರೆಯುವ ಮುಂಚೆ ಬರುವ ತಾಯಂದಿರೆಲ್ಲ “ಮುಂದಿನ ವರ್ಷಕ್ಕೂ ಬರೋ ಹಾಗೆ ಹೊಲೀರಿ” ಅನ್ನುತ್ತಾರೆ. ಅದನ್ನು ನನಗೆ ಹೇಳಿಕೊಡಬೇಕೇ? ಅಳತೆ ಎಷ್ಟೇ ಬರಲಿ, ಅಂಚಿನಲ್ಲಿ ಒಂದಿಂಚು ಒಳಗೆ ಮಡಿಚಿ ಬಿಟ್ಟೇ ಹೊಲಿಯುವುದು ನಾನು.

ತಮ್ಮನ ಹೆಂಡತಿಯ ಓದು ನನಗೆ ಮೊದಲಿನಿಂದ ಹಿಡಿಸಿರಲಿಲ್ಲ. ಮದುವೆಯಾಗಿ ಬಂದ ಮೇಲೂ ಕಾಲೇಜು ಅಂದಾಗ ಮೂಗು ಮುರಿದವಳು ನಾನು. ಹಾಲಿನವನ ಹತ್ತಿರ ಕೂಡ ಜೋರಾಗಿ ಮಾತಾಡದ ಹೆಂಗಸು ಕೋರ್ಟಿನಲ್ಲಿ ಏನು ವಾದ ಮಾಡುತ್ತಾಳೆ ಅಂತ ತಮ್ಮನೆದುರೇ ಆಡಿಕೊಂಡಿದ್ದೆ. ಆದರೆ ಗುಂಡಿ ಹುಟ್ಟಿದ ಮೇಲೆ ಬೇಡವೆಂದರೂ ನನ್ನ ಕಿವಿಗೆ ಕಾನೂನು ಬೀಳತೊಡಗಿತು. ಅವಳು ಹಾಲು ಇಳಿಯುವಷ್ಟು ಹೊತ್ತು ಗಟ್ಟಿಯಾಗಿ ಓದುತ್ತಿದ್ದಳು. ಮನಸ್ಸಿನಲ್ಲೇ ಓದಿದರೆ ತೂಕಡಿಕೆ ಬಂದು ಕೈ ಇಳಿಯುತ್ತಿತ್ತಂತೆ, ಕೈ ಇಳಿದರೆ ಹಾಲು ನಿಲ್ಲುತ್ತಿತ್ತಂತೆ. ಗುಂಡಿಗೂ ಅದೇ ಜೋಗುಳವಾಯಿತು. ಆಸ್ತಿಯ ಹಕ್ಕು, ದಾರಿಯ ಹಕ್ಕು, ಬೆಳಕಿನ ಹಕ್ಕು ಅಂತ ಶುರುವಾದರೆ ಸಾಕು, ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು. ನಾನೂ ಕಲಿತೆ. ಮೇಲಿನ ಮನೆಯ ನಿವೃತ್ತ ಗುಮಾಸ್ತ ತನ್ನ ಒದ್ದೆ ಕಂಬಳಿಯನ್ನು ನನ್ನ ಕಿಟಕಿಗೆ ಅಡ್ಡ ಇಳಿಬಿಟ್ಟಾಗ ಬೆಳಕಿನ ಹಕ್ಕಿನ ಮೇಲೆ ನಾನು ಆಡಿದ ಮಾತಿಗೆ ಅವನು ಅದನ್ನು ಮೇಲಕ್ಕೆಳೆದುಕೊಂಡ.

ಅವಳಿಗೆ ಉಳಿದಿದ್ದು ಆಸ್ತಿ ಕಾನೂನಿನ ಒಂದೇ ಪರೀಕ್ಷೆ. ಮೊದಲ ಸಲ ಅದರ ದಿನವೇ ಹೆರಿಗೆ ನೋವು ಬಂತು. ಎರಡನೇ ಸಲ ಗುಂಡಿ ತೀವ್ರ ನಿಗಾ ಘಟಕದಲ್ಲಿದ್ದಳು. ಮೂರನೆಯದೇ ಕೊನೆಯದು. ಅದೂ ತಪ್ಪಿದರೆ ಮೂರು ವರ್ಷದ ಓದನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂದು ಕಾಲೇಜಿನಿಂದ ಕಾಗದ ಬಂದಿತ್ತು. ಮತ್ತೆ ಶುರುಮಾಡುವ ಶಕ್ತಿ ಅವಳಲ್ಲಿ ಇರಲಿಲ್ಲ, ನೋಡಿದವರಿಗೆ ಯಾರಿಗಾದರೂ ಗೊತ್ತಾಗುತ್ತಿತ್ತು. ಒಂದು ದಿನ ಸಿರಿಂಜನ್ನು ಪುಸ್ತಕದ ಕಪಾಟಿನಲ್ಲಿಟ್ಟು ಪುಸ್ತಕವನ್ನು ನಲ್ಲಿಯ ಕೆಳಗೆ ಹಿಡಿದಿದ್ದಳು. ಇನ್ನೊಂದು ದಿನ ಬೀದಿಯಲ್ಲಿ ಎಡಗೈ ತಾನಾಗಿ ಮೇಲೆದ್ದು, ಬೇಡದ ಬಸ್ಸೊಂದು ಬಂದು ಅವಳ ಮುಂದೆ ನಿಂತಿತು. ಡ್ರೈವರ್ ಬೈದ. ಅವಳು ಅವನಿಗೆ ಕ್ಷಮೆ ಕೇಳಿ ಅಲ್ಲೇ ಅತ್ತಳಂತೆ. ನನಗೆ ಕೇಳಿ ಸಂಕಟವಾಯಿತು, ಆದರೂ “ಬಸ್ಸಿನವನ ಮುಂದೆ ಎಂಥದ್ದು ಅಳೋದು” ಎಂದು ಗದರಿದೆ. ನನಗೆ ಬರುವುದು ಅಷ್ಟೇ.

ಪರೀಕ್ಷೆ ಹತ್ತರಿಂದ ಒಂದು ಗಂಟೆಯವರೆಗೆ. ನನ್ನ ತಮ್ಮ ಒಂದು ಶಾಲೆಯ ಬಸ್ಸು ಓಡಿಸುತ್ತಾನೆ. ಇದ್ದ ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ಹನ್ನೆರಡರ ಹಾಲು ನನ್ನ ಪಾಲಿಗೆ ಬಂತು. ಹಾಲು ಹಿಡಿಯುವುದೇನೋ ನನಗೆ ಬರುತ್ತಿತ್ತು. ಟ್ಯೂಬು ಹಾಕುವುದನ್ನು ಮಾತ್ರ, ಆಸ್ಪತ್ರೆಯಲ್ಲಿ ಸಿಸ್ಟರ್ ನಮ್ಮಿಬ್ಬರಿಗೂ ಕಲಿಸಿ, ನನ್ನ ಕೈಯಲ್ಲೂ ಎರಡು ಸಲ ಮಾಡಿಸಿ ಸಹಿ ಹಾಕಿಸಿಕೊಂಡಿದ್ದರೂ, ಮನೆಗೆ ಬಂದ ಮೇಲೆ ನಾನು ಮುಟ್ಟಿರಲಿಲ್ಲ. ಬಟ್ಟೆಗೆ ಸೂಜಿ ಚುಚ್ಚುವ ಕೈ ಅದು. ಮಗುವಿನ ಮೂಗಿನ ಹತ್ತಿರ ಹೋದರೆ ನಡುಗುತ್ತಿತ್ತು.

ಹೊರಡುವಾಗ ಕಾಲೇಜು ಆಫೀಸಿನ ನಂಬರನ್ನು ಗೋಡೆಗೆ ಅಂಟಿಸಿದಳು. “ಅಕ್ಕ, ಟ್ಯೂಬ್ ಏನಾದ್ರೂ ಕಿತ್ಕೊಂಡ್ರೆ ಇಲ್ಲಿಗೆ ಫೋನ್ ಮಾಡಿ. ಪರೀಕ್ಷೆ ರೂಮಿಂದ ನನ್ನ ಕರೆಸ್ತಾರೆ. ಎದ್ದು ಬರ್ತೀನಿ.”

“ಎದ್ದು ಬಂದ್ರೆ ಪರೀಕ್ಷೆ?”

“ಹೋದ್ರೆ ಹೋಗ್ಲಿ.”

ಹನ್ನೊಂದೂವರೆಗೆ ನಾನೊಂದು ಕಾಲರ್ ಮುಗಿಸಿ ದಾರ ಕತ್ತರಿಸುತ್ತಿದ್ದೆ. ಗುಂಡಿ ಸೀನಿದಳು, ಕೈ ಬೀಸಿದಳು, ಬೆರಳಿಗೆ ಟ್ಯೂಬು ಸಿಕ್ಕಿತು. ನಾನು ಎದ್ದು ಹೋಗುವಷ್ಟರಲ್ಲಿ ಅದು ಪೂರ್ತಿ ಹೊರಗೆ ಬಂದು ಅವಳ ಎದೆಯ ಮೇಲೆ ಬಿದ್ದಿತ್ತು. ಅವಳಿಗೆ ಹಾಯೆನಿಸಿರಬೇಕು, ನಕ್ಕಳು.

ಆಸ್ಪತ್ರೆಗೆ ಎರಡು ಬಸ್ಸು ಬದಲಿಸಿ ಎರಡು ಗಂಟೆಯ ದಾರಿ. ಹನ್ನೆರಡಕ್ಕೆ ಹಾಲು, ಹೆಚ್ಚೆಂದರೆ ಒಂದಕ್ಕೆ. ಹೇಗೆ ಲೆಕ್ಕ ಹಾಕಿದರೂ ಹೊಂದುತ್ತಿರಲಿಲ್ಲ. ಫೋನ್ ತೆಗೆದು ಗೋಡೆಯ ನಂಬರು ಒತ್ತಿದೆ. ಎರಡು ಸಲ ರಿಂಗಾಯಿತು. ಅಷ್ಟರಲ್ಲಿ ಅವಳು ಬರೆಯುತ್ತಾ ಕೂತಿದ್ದು, ಯಾರೋ ಬಂದು ಹೆಗಲು ತಟ್ಟಿದ್ದು, ಅವಳು ಒಂದು ಮಾತೂ ಆಡದೆ ಪೆನ್ನಿಗೆ ಮುಚ್ಚಳ ಹಾಕಿದ್ದು ಕಣ್ಣಿಗೆ ಕಟ್ಟಿತು. ಮಾತಾಡದೆ ಎದ್ದು ಬರುವ ಜಾತಿ ಅವಳದು. ಅದೇ ನನ್ನ ಹೊಟ್ಟೆ ಉರಿಸಿತು. ಫೋನ್ ಇಟ್ಟುಬಿಟ್ಟೆ. ಹನ್ನೆರಡೂಕಾಲಿನೊಳಗೆ ನನ್ನ ಕೈಯಲ್ಲಿ ಆಗದಿದ್ದರೆ ಕರೆಯುತ್ತೇನೆ, ಮುಕ್ಕಾಲು ಗಂಟೆಯಲ್ಲಿ ಬಂದುಬಿಡುತ್ತಾಳೆ ಎಂದು ನನಗೇ ನಾನು ಗಡುವು ಹಾಕಿಕೊಂಡೆ.

ಕೈ ತೊಳೆದು ಹೊಸ ಟ್ಯೂಬು ತೆಗೆದೆ. ಎಷ್ಟು ಉದ್ದ ಒಳಗೆ ಹೋಗಬೇಕೆಂದು ಪ್ರತಿ ಸಲ ಮಗುವಿನ ಮೇಲೇ ಅಳೆಯಬೇಕು, ಮೂಗಿನ ತುದಿಯಿಂದ ಕಿವಿಗೆ, ಕಿವಿಯಿಂದ ಹೊಟ್ಟೆಗೆ. ಗೋಡೆಯ ಚೀಟಿಯಲ್ಲಿ ಅವಳು ಹೋದ ಸಲದ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದಿದ್ದಳು, ನನಗೆ ಇಂಚಿನ ಮೇಲಷ್ಟೇ ನಂಬಿಕೆ. ನನ್ನ ಟೇಪನ್ನೇ ತೊಳೆದು ಒರೆಸಿ ಅಳೆದೆ. ಟ್ಯೂಬಿನ ಮೇಲೆ ಪೆನ್ನಿನಿಂದ ಗುರುತು ಹಾಕಿದೆ. ವಿಚಿತ್ರವೆಂದರೆ, ಟೇಪು ಹಿಡಿದ ಮೇಲೆ ಕೈ ನಡುಗುವುದು ನಿಂತಿತ್ತು.

ಆದರೆ ಗುಂಡಿ ಬಿಡಬೇಕಲ್ಲ. ತಲೆ ಆಡಿಸಿದಳು, ಕೆಂಪಾಗಿ ಕಿರುಚಿದಳು. ಮೊದಲ ಸಲ ಕೆಮ್ಮಿದಳು, ತಕ್ಷಣ ಎಳೆದುಬಿಟ್ಟೆ. ಇಬ್ಬರೂ ಅತ್ತೆವು. ಆಮೇಲೆ ಹೊಳೆಯಿತು, ನಾನು ಬಾಯಿ ಮುಚ್ಚಿಕೊಂಡಿದ್ದೇನೆ ಎಂದು. “ಬೆಳಕಿನ ಹಕ್ಕು” ಎಂದು ಶುರುಮಾಡಿದೆ. ಗೊತ್ತಿದ್ದಷ್ಟು ಹೇಳಿದೆ, ಮುಂದೆ ಗೊತ್ತಿಲ್ಲದ್ದಕ್ಕೆ ಮೇಲಿನ ಮನೆಯವನ ಕಂಬಳಿಯ ಕಥೆ ಸೇರಿಸಿದೆ. ಅವಳು ನನ್ನ ಬಾಯಿ ನೋಡುತ್ತಾ ಸುಮ್ಮನಾದಳು. ಟ್ಯೂಬು ಇಳಿಯಿತು. ಟ್ಯೂಬಿನಿಂದ ಸ್ವಲ್ಪ ರಸ ಎಳೆದು ಆಸ್ಪತ್ರೆಯವರು ಕೊಟ್ಟ ಕಾಗದದ ಪಟ್ಟಿಗೆ ತಾಗಿಸಿದೆ, ಬಣ್ಣ ತಿರುಗಿತು. ಅಂದರೆ ತುದಿ ಇರುವುದು ಹೊಟ್ಟೆಯಲ್ಲೇ. ಗಡಿಯಾರದಲ್ಲಿ ಹನ್ನೆರಡೂ ಹತ್ತು. ಸಿರಿಂಜು ಎತ್ತಿ ಹಾಲು ಹಿಡಿದೆ.

ಅವಳು ಬಂದಾಗ ಒಂದೂಮುಕ್ಕಾಲು. ಚೀಲ ಹೆಗಲಿನಲ್ಲಿದ್ದ ಹಾಗೇ ತೊಟ್ಟಿಲಿಗೆ ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು. ಟ್ಯೂಬನ್ನು ಕೆನ್ನೆಗೆ ಅಂಟಿಸಿದ ಪ್ಲಾಸ್ಟರಿನ ಮೂಲೆಗಳನ್ನು ನಾನು ಕಾಲರಿನ ಹಾಗೆ ದುಂಡಗೆ ಕತ್ತರಿಸಿದ್ದೆ. ಸುಳ್ಳು ಹೇಳಲು ದಾರಿ ಇರಲಿಲ್ಲ.

“ನೀವು ಹಾಕಿದ್ರಾ? ಫೋನ್ ಯಾಕೆ ಮಾಡ್ಲಿಲ್ಲ ಅಕ್ಕ? ಏನಾದ್ರೂ ಆಗಿದ್ರೆ?” ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೋರ್ಟಿಗೆ ಸಾಲುವಷ್ಟಿತ್ತು.

“ಆಗಿದ್ರೆ ನನ್ನ ತಲೆ ಮೇಲೆ ಬರ್ತಿತ್ತು. ನೀನು ಬರೆದ್ಯೋ ಇಲ್ವೋ, ಅದು ಹೇಳು.”

“ಬರೆದೆ. ಪೂರ್ತಿ ಬರೆದೆ. ಅಲ್ಲೂ ಈ ಕೈ ಎದ್ದು ಎದ್ದು ನಿಲ್ತಿತ್ತು. ಎದ್ದಾಗೆಲ್ಲ ಮೇಲ್ವಿಚಾರಕರು ಹಾಳೆ ಬೇಕೇನೋ ಅಂತ ತಂದು ಇಟ್ರು. ತಂದಿದ್ದಾರಲ್ಲ ಅಂತ ಅದನ್ನೂ ತುಂಬಿಸ್ದೆ.”

ಎರಡು ತಿಂಗಳ ಮೇಲೆ ಫಲಿತಾಂಶ ಬಂತು, ಪಾಸಾಗಿದ್ದಳು. ಆದರೆ ಆವತ್ತು ಅದರ ಮಾತು ಅಲ್ಲಿಗೇ ನಿಂತಿತು, ಏಕೆಂದರೆ ಅವಳು ಟ್ಯೂಬಿನ ಗುರುತನ್ನು ನೋಡುತ್ತಿದ್ದಳು. “ಅಕ್ಕ, ಇಪ್ಪತ್ಮೂರು ಸೆಂಟಿಮೀಟರಿಗೆ ನಿಲ್ಬೇಕಿತ್ತು. ಇದು ಇಪ್ಪತ್ತೈದೂವರೆಗಿದೆ. ಒಂದಿಂಚು ಜಾಸ್ತಿ.”

ಅಳೆದದ್ದು ಸರಿಯಾಗಿಯೇ ಇತ್ತು. ಗುರುತು ಹಾಕುವಾಗ ಕೈ ತನ್ನ ಅಭ್ಯಾಸ ಬಿಟ್ಟಿರಲಿಲ್ಲ. “ಬೆಳೆಯೋ ಮಗು ಅಲ್ವಾ,” ಎಂದೆ. “ಅಂಚಿನ ಮಡಿಕೆಗೆ ಅಂತ ಕೈ ತಾನೇ ಒಂದಿಂಚು ಬಿಡ್ತು ಕಣೆ.”

ಅವಳು ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು. ತೊಂದರೆಯೇನಿಲ್ಲ, ಒಂದಿಂಚು ಹೊರಗೆಳೆದು ಮತ್ತೆ ಪರೀಕ್ಷಿಸಿ ಎಂದರು ಸಿಸ್ಟರ್. ಎಳೆದಳು, ಪಟ್ಟಿ ನೋಡಿದಳು, ಹೊಸ ಪ್ಲಾಸ್ಟರ್ ಅಂಟಿಸಿದಳು. ಆಮೇಲೆ ನನ್ನ ಯಂತ್ರಕ್ಕೆ ಒರಗಿ ನೆಲದ ಮೇಲೆ ಕುಸಿದು ಕೂತಳು. ಬೈಯುತ್ತಾಳೆಂದು ಕಾದೆ.

“ಇಳಿದಿಲ್ಲ ಅಂತಾರೆ. ಸದ್ಯಕ್ಕೆ ಸಾಕು ಅಂತಾರೆ. ನೋಡೋಣ ಅಂತಾರೆ,” ಎಂದಳು. “ಏಳು ತಿಂಗಳಾಯ್ತು ಅಕ್ಕ. ಬೆಳೆಯೋ ಮಗು ಅಂತ ಇದುವರೆಗೆ ಒಬ್ರೂ ಅಂದಿರ್ಲಿಲ್ಲ.”

ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲು ಅವಳಿಗೆ ಕೈ ಎತ್ತಲಾಗಲಿಲ್ಲ. ಅಲ್ಲೇ ನಿದ್ದೆ ಹೋದಳು. ಮೂರು ಗಂಟೆಯ ಹಾಲನ್ನು ನಾನೇ ಹಿಡಿದೆ.

ಇದೆಲ್ಲ ಆಗಿ ಹತ್ತು ತಿಂಗಳಾಯಿತು. ಟ್ಯೂಬು ಇನ್ನೂ ಹೋಗಿಲ್ಲ, ದಿನಕ್ಕೆ ಆರು ಸಲವಾಗಿದೆ, ನಾವಿಬ್ಬರೂ ಹಂಚಿಕೊಂಡಿದ್ದೇವೆ. ಅವಳು ಒಬ್ಬ ಹಿರಿಯ ವಕೀಲರ ಕಚೇರಿಗೆ ಅರ್ಧ ದಿನ ಹೋಗುತ್ತಾಳೆ. ಹೋದ ವಾರ ಆಸ್ಪತ್ರೆಯಲ್ಲಿ ಸಿಸ್ಟರ್ ಹೊಸದಾಗಿ ಅಳತೆ ತೆಗೆದರು. ಮೂಗಿನಿಂದ ಕಿವಿಗೆ, ಕಿವಿಯಿಂದ ಹೊಟ್ಟೆಗೆ.

“ಇಪ್ಪತ್ತೈದೂವರೆ,” ಎಂದು ಬರೆದುಕೊಂಡರು.

ಅವಳು ನನ್ನ ಮುಖ ನೋಡಿದಳು. ಗುಂಡಿಯ ಫ್ರಾಕಿನ ಅಂಚಿನಲ್ಲಿ ಮಡಿಚಿಟ್ಟ ಒಂದಿಂಚನ್ನೂ ಬಿಚ್ಚಿ ಇಳಿಸುವ ಹೊತ್ತಾಯಿತು ಎಂದುಕೊಂಡೆ ನಾನು.