ಮೊದಲು ಮೊಹರು ನೋಡುವ ನರಸಯ್ಯ

ಗುಡೇಮಾರನಹಳ್ಳಿಯ ಹಾಲಿನ ಡೇರಿ ಮುಂದೆ ಬೆಳಗಿನ ಆರೂವರೆಗೇ ಕ್ಯಾನುಗಳ ಸಾಲು. ಹಾಲು ಹಾಕಿದವರು ಪಕ್ಕದ ಕಟ್ಟೆಗೆ ಬಂದು ಮೊಬೈಲ್ ಚಾಚುತ್ತಾರೆ. ಅಲ್ಲಿ ಕೂತವರು ನರಸಯ್ಯ. ಮೂವತ್ತೆರಡು ವರ್ಷ ಸೈಕಲ್ಲಿನಲ್ಲಿ ಕಾಗದ ಹಂಚಿ ನಿವೃತ್ತರಾದ ಅಂಚೆಯಣ್ಣ. ಊರಿನವರಿಗೆ ಬರುವ ಈಮೇಲ್ ಅಸಲಿಯೋ ನಕಲಿಯೋ ಎಂದು ಈಗ ನೋಡಿ ಹೇಳುತ್ತಾರೆ, ಪುಕ್ಕಟೆಯಾಗಿ. ದಿನಕ್ಕೆ ಐದಾರಾದರೂ ಇರುತ್ತವೆ.

ಇವತ್ತು ಮೊದಲು ಬಂದವಳು ಅನುಷಾ. ನರ್ಸಿಂಗ್ ಓದಿ ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದಾಳೆ. ಬೆಂಗಳೂರಿನ ಆಸ್ಪತ್ರೆಯೊಂದರ ಹೆಸರಿನಲ್ಲಿ ಮೇಲ್ ಬಂದಿದೆ: ಕೆಲಸ ಸಿಕ್ಕಿದೆ, ಇವತ್ತು ಬೆಳಿಗ್ಗೆ ಹತ್ತು ಗಂಟೆಯೊಳಗೆ ಲಿಂಕ್ ಒತ್ತಿ ನಿಮ್ಮ ಈಮೇಲ್ ಪಾಸ್‌ವರ್ಡ್ ಹಾಕಿ, ತಡವಾದರೆ ಬೇರೆಯವರಿಗೆ. ಪಾಪ, ಹುಡುಗಿಯ ಬೆರಳು ಆಗಲೇ ಲಿಂಕಿನ ಹತ್ತಿರ ಹೋಗಿದೆ.

"ಒತ್ಬುಡ್ಲಾ ಮಾವ?"

"ಒಸಿ ತಡಿಯವ್ವ. ಕಾಗ್ದ ಆಮೇಲ್ ಓದಾನ, ಮೊದ್ಲು ಮೊಹರು ನೋಡಾನ."

ಕಳಿಸಿದವರ ಹೆಸರಿನ ಮೇಲೆ ಅವರು ಬೆರಳಿಡುತ್ತಾರೆ. ಮೇಲೆ ಆಸ್ಪತ್ರೆಯ ಹೆಸರಿದ್ದರೂ ಅಡಿಯಲ್ಲಿ ತೆರೆದುಕೊಂಡ ವಿಳಾಸದಲ್ಲಿ ಆ ಹೆಸರೇ ಇಲ್ಲ, ಊರುಕೇರಿಯಿಲ್ಲದ್ದು. ಲಕೋಟೆಯ ಮೇಲೆ ಯಾರ ಹೆಸರನ್ನಾದರೂ ಬರೆಯಬಹುದು, ಎಲ್ಲಿ ಡಬ್ಬಿಗೆ ಬಿತ್ತೆಂಬುದನ್ನು ಮೊಹರೇ ಹೇಳಬೇಕು ಎನ್ನುವುದು ಅವರ ಹಳೆಯ ಪಾಠ. ಆದರೂ ಸುಳ್ಳು ಎಂದು ಬಾಯಿಬಿಡುವುದಿಲ್ಲ.

ಅದಕ್ಕೆ ಕಾರಣವಿದೆ. ಹೋದ ವರ್ಷ ಲಕ್ಷ್ಮಿದೇವಮ್ಮನ ಮಗನಿಗೆ ಬಂದ ಸಂದರ್ಶನದ ಮೇಲನ್ನು ಕಳ್ಳ ಮೇಲ್ ಎಂದು ಅಳಿಸಿ ಹಾಕಿಸಿದ್ದರು. ಅದು ನಿಜದ್ದಾಗಿತ್ತು. "ವಿಳಾಸ ನೋಡ್ಲೇ ಇಲ್ಲ, ಜಂಬದಲ್ಲಿ ಅಂದ್ಬುಟ್ಟೆ. ಆ ಹುಡ್ಗನ್ ಕೆಲ್ಸ ಹೋಯ್ತು. ಆವಮ್ಮ ಇವತ್ಗೂ ನನ್ನ ಮಾತಾಡ್ಸಾಕಿಲ್ಲ" ಎಂದು ತಲೆ ತಗ್ಗಿಸುತ್ತಾರೆ. ಅಂದಿನಿಂದ ಕಚೇರಿಗೇ ಫೋನ್ ಮಾಡಿ ಕೇಳುತ್ತಾರೆ, ಅದೂ ಬಂದ ಈಮೇಲ್‌ನಲ್ಲಿ ಕೊಟ್ಟಿರುವ ನಂಬರಿಗಲ್ಲ.

ಅನುಷಾ ಅರ್ಜಿ ಹಾಕುವಾಗ ನೋಡಿದ್ದ ಪ್ರಕಟಣೆಯಿಂದ ನಂಬರು ಹುಡುಕಿಸುತ್ತಾರೆ. ಕಚೇರಿ ತೆರೆಯುವುದು ಒಂಬತ್ತೂವರೆಗೆ. ಇಬ್ಬರೂ ಕಟ್ಟೆಯ ಮೇಲೆಯೇ ಕಾಯುತ್ತಾರೆ.

"ಟೈಮ್ ಆಗೋಯ್ತದೆ ಮಾವ."

"ನಿಜ್ವಾಗ್ಲೂ ಕೆಲ್ಸ ಕೊಡೋರು ಹಿಂಗ್ ಅರ್ಜೆಂಟ್ ಮಾಡಾಕಿಲ್ಲ ಕಣವ್ವ."

ಅಂತೂ ಕಚೇರಿಯವರು ಫೋನ್ ಎತ್ತಿದರು. ಆಯ್ಕೆ ಪಟ್ಟಿಯೇ ಆಗಿಲ್ಲವಂತೆ, ಯಾರಿಗೂ ಮೇಲ್ ಕಳಿಸಿಲ್ಲವಂತೆ. ಅನುಷಾಳ ಅಂಕಪಟ್ಟಿ, ಆಧಾರ್ ಎಲ್ಲ ಇದ್ದ ಮೇಲ್ ಖಾತೆ ಕಳ್ಳರ ಪಾಲಾಗುವುದು ತಪ್ಪಿತು. ಅವಳು ಮೇಲನ್ನು ಸ್ಪ್ಯಾಮ್‌ಗೆ ಹಾಕಿ, ದುಪ್ಪಟ್ಟಾದಲ್ಲಿ ಕಣ್ಣೊರೆಸಿಕೊಂಡು, ಖಾಲಿ ಕ್ಯಾನು ಹಿಡಿದು ಹೊರಡುತ್ತಾಳೆ.

ನರಸಯ್ಯ ಅವಳು ಹೋದ ದಾರಿಯನ್ನು ನೋಡಿ, ವರದಿಗೆಂದು ಬಂದ ನನ್ನತ್ತ ತಿರುಗುತ್ತಾರೆ.

"ಮೋಸ ತಪ್ಸ್ದೆ ಅಂತ ಊರೋರು ಹೊಗಳ್ತಾರೆ ಸಾರ್. ಆ ಹೆಣ್ಮಗ ಮಾತ್ರ ಅತ್ಕೊಂಡು ಹೋಯ್ತು. ನಂಗೇನೂ ಬ್ಯಾಡ. ಒಂದಿನ ಅದು ಹಿಂಗೇ ಫೋನ್ ಹಿಡ್ಕೊಂಡ್ ಬರ್ಬೇಕು, 'ಇದು ನಿಜ ಕಣವ್ವ, ಹೊರ್ಡು' ಅಂತ ನಾನೇ ಹೇಳ್ಬೇಕು."